ಖಂಡೆ ಪೂಜೆಗೆ ಕೂತ ಪಂಪು

ಕೊಪ್ಪಳ ಜಿಲ್ಲೆಯಾದ ವರ್ಷವೇ ನಾನು ಸೊಸೆಯಾದೆ, 1997ರಲ್ಲಿ. ಜಿಲ್ಲೆಯೂ ಹೊಸದು, ನಾನೂ ಹೊಸಬಳು. ಯಾವುದು ಎಲ್ಲಿದೆ ಎಂದು ತಿಳಿಯಲು ಇಬ್ಬರಿಗೂ ಒಂದಷ್ಟು ಕಾಲ ಹಿಡಿಯಿತು. ನನ್ನ ತವರು ಗಂಗಾವತಿ ಕಡೆ, ಕಾಲುವೆ ನೀರಿನ ಊರು. ಗಂಡನ ಮನೆ ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವಿನ ಒಂದು ಹಳ್ಳಿ, ಮಳೆಯನ್ನೇ ನಂಬಿದ ನೆಲ. ನನ್ನವರಿಗೆ ತಾಲೂಕು ಕಚೇರಿಯಲ್ಲಿ ನೌಕರಿ, ನನಗೆ ಪಕ್ಕದೂರಿನ ಸರಕಾರಿ ಶಾಲೆಯಲ್ಲಿ ಶಿಕ್ಷಕಿಯ ಕೆಲಸ. ಮಾವ ಮೊದಲೇ ತೀರಿಕೊಂಡಿದ್ದರಿಂದ ಹೊಲ ನೋಡಿಕೊಳ್ಳುತ್ತಿದ್ದವರು ಅತ್ತೆ. ಮೊದಲ ವಾರದಲ್ಲೇ ಅವರು ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು ಮನೆಯವರ ಪರಿಚಯ ಮಾಡಿಕೊಟ್ಟರು.

"ನೋಡವಾ, ಈ ಮನ್ಯಾಗ ನಾವು ನಾಕು ಮಂದಿ. ನನ್ನ ಮಗ, ನೀನು, ನಾನು, ನನ್ನ ದಮ್ಮು."

ದಮ್ಮು ಎಂದರೆ ಉಬ್ಬಸ. ಆ ನಾಲ್ಕನೆಯವರ ಮುಖ ನಾನು ಕಂಡದ್ದು ದಸರೆ ಮುಗಿದ ಮೇಲೆ. ಬೆಳಗಿನ ಚಹಾ ಕುಡಿಯುತ್ತಿದ್ದ ಅತ್ತೆ ಬಟ್ಟಲು ಕೆಳಗಿಟ್ಟು, ಎರಡೂ ಅಂಗೈಗಳನ್ನು ಮೊಣಕಾಲಿನ ಮೇಲೆ ಊರಿ, ಕತ್ತು ಮುಂದೆ ಚಾಚಿ ಕೂತರು. ಎದೆಯೊಳಗೆ ಬೆಕ್ಕಿನ ಮರಿ ಸಿಕ್ಕಿಕೊಂಡಂಥ ಸದ್ದು. ನಾನು ಹೆದರಿ ಓಣಿಗೆ ಓಡಿದೆ. ಪಕ್ಕದ ಮನೆಯಾಕೆ ಜೋಳ ಹಸನು ಮಾಡುತ್ತಿದ್ದವಳು ಮೊರ ಕೂಡ ಕೆಳಗಿಡಲಿಲ್ಲ. "ಸ್ವಾತಿ ಹುಟ್ಟಿತಲ್ಲ, ಅಂಜಬ್ಯಾಡ" ಎಂದಳು. ಸ್ವಾತಿ ಅವಳ ಮಗಳ ಹೆಸರಿರಬೇಕು, ಹೆರಿಗೆಯಾಗಿದೆಯೇನೋ ಎಂದು ನಾನು ಒಂದು ಗಳಿಗೆ ತಬ್ಬಿಬ್ಬಾದೆ.

ಅವಳು ಹೇಳಿದ್ದು ಸ್ವಾತಿ ಮಳೆಯ ನಕ್ಷತ್ರವನ್ನು. ತಪ್ಪು ನನ್ನದಲ್ಲ. ತವರಿನಲ್ಲಿ ನಾವು ಆಕಾಶ ನೋಡಿದವರೇ ಅಲ್ಲ, ಕಾಲುವೆ ನೋಡಿದವರು. ನೀರು ಬಿಟ್ಟರೆ ನಾಟಿ, ನೀರು ನಿಲ್ಲಿಸಿದರೆ ಕೊಯ್ಲು. ಇಲ್ಲಿ ಹಾಗಲ್ಲ. ಮಳೆಗೆ ನಕ್ಷತ್ರವಿದೆ, ನಕ್ಷತ್ರಕ್ಕೆ ಗಾದೆಯಿದೆ, ಗಾದೆಗೆ ಅತ್ತೆಯಿದ್ದಾರೆ. ರೋಹಿಣಿ ಮಳಿ ಬಂದರ ಓಣಿ ತುಂಬ ಜ್ವಾಳ. ಮಘಿ ಮಳಿ ಬಂದಷ್ಟು ಛಲೋ, ಮನಿ ಮಗ ಉಂಡಷ್ಟು ಛಲೋ. ಈ ಎರಡನೆಯದನ್ನು ಅವರು ಹೇಳುತ್ತಿದ್ದುದು ಮಗನ ತಟ್ಟೆಗೆ ಮತ್ತೊಂದು ರೊಟ್ಟಿ ಹಾಕುವಾಗ, ನನ್ನ ಕಡೆ ಒಂದು ಕಣ್ಣಿಟ್ಟು. ನಾನೇನಾದರೂ ಮಳೆಯ ಬಗ್ಗೆ ಬಾಯಿ ಹಾಕಿದರೆ, "ನೀರಾವರಿಯಾಕಿ, ಮಳಿ ಅಂದ್ರ ನಿನಗೇನು ಗೊತ್ತವಾ?" ಎಂದು ಅಲ್ಲಿಗೇ ಕತ್ತರಿಸುತ್ತಿದ್ದರು.

ಬಿತ್ತನೆಗೆ, ಕಳೆಗೆ, ಕೊಯ್ಲಿಗೆ ನಕ್ಷತ್ರ ಗೊತ್ತು ಮಾಡಿದ ಹಾಗೆ ಅತ್ತೆ ತಮ್ಮ ದಮ್ಮಿಗೂ ಗೊತ್ತು ಮಾಡಿಬಿಟ್ಟಿದ್ದರು. "ಸ್ವಾತಿ ಹುಟ್ಟಿದ್ರ ದಮ್ಮು ಹುಟ್ಟತೈತಿ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗತೈತಿ, ಅದರ ಬೆನ್ನಹಿಂದ ದಮ್ಮೂ ಹೋಗತೈತಿ." ನಾನು ಓದಿದವಳು, ನಗಲು ಕಾಯುತ್ತಿದ್ದೆ. ಆದರೆ ನಾಲ್ಕು ವರ್ಷ ನೋಡಿದೆ, ದಮ್ಮು ಹೇಳಿದ ಹೊತ್ತಿಗೆ ಬಂದು ಹೇಳಿದ ಹೊತ್ತಿಗೆ ಹೋಯಿತು. ನಮ್ಮೂರಿನ ಬಸ್ಸು ಕೂಡ ಅಷ್ಟು ಸರಿಯಾಗಿ ಬರುತ್ತಿರಲಿಲ್ಲ. ಚಳಿ ಶುರುವಾಗುವುದೂ ಕಣದ ಧೂಳು ಏಳುವುದೂ ಆ ದಿನಗಳಲ್ಲೇ, ಅದಕ್ಕೇ ಹಾಗಾಗುತ್ತದೆ ಎಂದು ನಾನು ವಿಜ್ಞಾನ ಹೇಳಿದೆ. "ಅದನ್ನ ನಾನೂ ಹೇಳಿದ್ದು" ಎಂದರು ಅತ್ತೆ.

ಕೆಲವು ವರ್ಷಗಳ ಮೇಲೆ ಕೊಪ್ಪಳದ ಒಬ್ಬ ವೈದ್ಯರು ಅವರಿಗೆ ಬಾಯಿಗೆ ಹಿಡಿದು ಎಳೆಯುವ ಪಂಪು ಬರೆದುಕೊಟ್ಟರು. ದಿನಕ್ಕೆ ಎರಡು ಹೊತ್ತು, ವರ್ಷಪೂರ್ತಿ, ಆರಾಮಿದ್ದರೂ ಬಿಡಬಾರದು. ಅತ್ತೆಗೆ ಪಂಪು ಎಳೆಯುವುದನ್ನು ಕಲಿಸಿದ್ದು ನಾನು, ಒಂದನೇ ತರಗತಿಯ ಮಕ್ಕಳಿಗೆ ಅ ಆ ತಿದ್ದಿಸುವಾಗಿನ ತಾಳ್ಮೆಯಿಂದ ಅಂದುಕೊಂಡಿದ್ದೇನೆ. ಅವರು ಒಪ್ಪುವುದಿಲ್ಲ. ಉಸಿರು ಬಿಡಿ, ಒತ್ತಿ, ನಿಧಾನ ಎಳೆಯಿರಿ, ಹತ್ತು ಎಣಿಸುವ ತನಕ ಹಿಡಿಯಿರಿ. ಅವರು ಒತ್ತುತ್ತಿದ್ದರು, ಗುಟುಕರಿಸುತ್ತಿದ್ದರು, ಆಮೇಲೆ ಗುಡಿಯಲ್ಲಿ ತೀರ್ಥ ಕುಡಿದವರ ಹಾಗೆ ಅಂಗೈಯನ್ನು ತಲೆಗೆ ಸವರಿಕೊಳ್ಳುತ್ತಿದ್ದರು.

"ಅತ್ತಿ, ಇದು ತೀರ್ಥ ಅಲ್ರಿ!"

"ಒಳಗ ಹೋಗಿ ಜೀವ ಉಳಸತೈತೋ ಇಲ್ಲೋ? ಮತ್ತ?"

ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಬೇಕು ಎಂದಾಗ ಅವರಿಗೆ ಸಂಕಟವೇ ಆಯಿತು, ಔಷಧವನ್ನು ಯಾರಾದರೂ ಉಗುಳುತ್ತಾರೆಯೇ ಎಂದು. ಅದನ್ನೂ ಕಲಿತರು. ಕಲಿಯದೆ ಉಳಿದದ್ದು ಒಂದೇ, ವರ್ಷಪೂರ್ತಿ ಎಂಬ ಮಾತು. ಶಿವರಾತ್ರಿಯ ಮರುದಿನ ಪಂಪನ್ನು ಬಿಳಿ ಅರಿವೆಯಲ್ಲಿ ಸುತ್ತಿ, ಬೇವಿನೆಲೆಯ ಜೊತೆ ಬೀಜದ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದರು. ಇನ್ನು ಸ್ವಾತಿಗೇ ತೆಗೆಯುವುದು. ನಾನು ರೇಗಿದೆ, ಬೇಡಿಕೊಂಡೆ, ಎರಡು ದಿನ ಮಾತು ಬಿಟ್ಟೆ. ಅವರದು ಒಂದೇ ಪ್ರಶ್ನೆ: "ಬಿತ್ತಿಗಿ ಇಲ್ಲದಾಗ ಯಾರಾರ ಕೂರಿಗಿ ಹೂಡತಾರೇನು?"

ಕೂರಿಗೆಯನ್ನು ಬಿತ್ತನೆ ಮುಗಿದ ಮೇಲೆ ತೊಳೆದು ಅಟ್ಟಕ್ಕೆ ಹಾಕುತ್ತಾರೆ, ನಿಜ. ಇದಕ್ಕೆ ಏನು ಉತ್ತರ ಕೊಡುವುದೆಂದು ನನಗೆ ಇಂದಿಗೂ ಹೊಳೆದಿಲ್ಲ.

ಉತ್ತರ ಕೊಡಲು ಶುರು ಮಾಡಿದ್ದು ಮಳೆ. ಒಂದೇ ಸಲಕ್ಕೆ ಅಲ್ಲ. ಒಂದು ವರ್ಷ ರೋಹಿಣಿ ಬರಲಿಲ್ಲ. ಇನ್ನೊಂದು ವರ್ಷ ಮಘೆಯ ಜಾಗದಲ್ಲಿ ಬರೀ ಬಿಸಿ ಗಾಳಿ, ಕೆಂಪು ಧೂಳು. ಮತ್ತೊಂದು ವರ್ಷ ಕಡಲೆ ಕಿತ್ತು ಹಾಕಿದ ಮೇಲೆ, ಯಾವ ಗಾದೆಯೂ ಇಲ್ಲದ ದಿನಗಳಲ್ಲಿ, ಮೂರು ದಿನ ಸುರಿಯಿತು. ಹೋಳಿ ಹುಣ್ಣಿಮೆಗೆ ಮೊದಲೇ ಮಾಳಿಗೆಯ ಮೇಲೆ ಕಾಲಿಡದಷ್ಟು ಬಿಸಿಲು. ಐದನೇ ತರಗತಿಗೆ ನಾನು ಹವಾಮಾನ ಬದಲಾವಣೆಯ ಪಾಠ ಮಾಡುತ್ತಿದ್ದೆ. ಹೊಗೆ ಎಬ್ಬಿಸಿದವರು ಒಂದು ಕಡೆ, ಕೆಮ್ಮುವವರು ಇನ್ನೊಂದು ಕಡೆ, ಬಡ ದೇಶಗಳ ಎದೆಗೆ ಪೆಟ್ಟು ಹೆಚ್ಚು ಎಂದು ಮಕ್ಕಳಿಗೆ ಹೇಳಿ ಮನೆಗೆ ಬಂದರೆ ಅತ್ತೆ ಮಘೆಯ ಧೂಳಿನಲ್ಲಿ ಕತ್ತು ಚಾಚಿ ಕೂತಿರುತ್ತಿದ್ದರು. ಕೇಳಿದರೆ, "ನೆಗಡಿ." ಬೇಸಿಗೆಯಲ್ಲಿ ಎದೆ ಗೊರಗುಟ್ಟಿದರೂ ನೆಗಡಿ. ಅವರ ದಮ್ಮು ಸ್ವಾತಿಗೆ ಮೊದಲು ಬರುವಂತಿರಲಿಲ್ಲ, ಹಾಗಾಗಿ ಬಂದದ್ದು ದಮ್ಮು ಆಗಿರಲು ಸಾಧ್ಯವಿರಲಿಲ್ಲ. ವರ್ಷ ವರ್ಷಕ್ಕೆ ಆ ನೆಗಡಿಗಳು ಜಾಸ್ತಿಯಾದವು, ಒಂದೊಂದು ಮೊದಲಿನದಕ್ಕಿಂತ ಗಟ್ಟಿಯಾಗಿ ಹಿಡಿಯುತ್ತಿತ್ತು. ಯಾವುದೋ ಒಂದು ನೆಗಡಿಗೆ ಈ ಹೆಣ್ಣುಮಗಳನ್ನು ಕಳೆದುಕೊಳ್ಳುತ್ತೇನೆ ಎಂಬ ಭಯ ನನ್ನಲ್ಲಿ ಕೂತುಬಿಟ್ಟಿತು. ಅಷ್ಟು ಹೊತ್ತಿಗೆ ಅವರ ಮೇಲೆ ನನಗೆ ಭಾರೀ ಪ್ರೀತಿಯಾಗಿತ್ತು. ಜಗಳವಾಡಿ ಜಗಳವಾಡಿ ಆದ ಪ್ರೀತಿ, ಅದು ಗಟ್ಟಿ.

ಮದುವೆಯಾಗಿ ಹದಿಮೂರನೆಯ ವರ್ಷಕ್ಕೆ ನಾವು ರಸ್ತೆಗೆ ಮುಖ ಮಾಡಿ ಹೊಸ ಮನೆ ಕಟ್ಟಿಸಿ ಬಂದಿದ್ದೆವು. ಮುಂದೆಯೇ ಡಾಂಬರು ರಸ್ತೆ, ಬಸ್ಸು ನಿಲ್ಲುವುದು ಬಾಗಿಲಲ್ಲೇ ಎಂದು ನನಗೆ ಬಿಗುಮಾನ. ಆ ವರ್ಷ ಹಸ್ತ ಪೂರ್ತಿ ಒಣಗಿತು. ಚಿತ್ತೆಯಲ್ಲಿ, ಸಜ್ಜೆ ಕೊಯ್ದು ತೆನೆ ಒಟ್ಟಿದ ಮೇಲೆ, ಹುಚ್ಚು ಹಿಡಿದಂತೆ ಸುರಿಯಿತು. ಹೊಲದಲ್ಲಿ ಸಾರಿಸಿ ಸಿದ್ಧ ಮಾಡಿದ್ದ ಕಣ ಕೆಸರಿನ ಗದ್ದೆಯಾಯಿತು. ತೆನೆ ಮೊಳಕೆಯೊಡೆಯುವ ಮೊದಲು ರಾಶಿ ಆಗಬೇಕು. ಆಗ ನಮ್ಮ ಕಡೆಯವರಿಗೆ ಹೊಳೆಯುವುದು ಒಂದೇ ಉಪಾಯ. ತೆನೆಯನ್ನು ರಸ್ತೆಯ ಮೇಲೆ ಹರಡಿಬಿಡುವುದು. ಬಸ್ಸು, ಲಾರಿ, ಟ್ರ್ಯಾಕ್ಟರು ಅದರ ಮೇಲೆ ಹಾಯುತ್ತ ಹಾಯುತ್ತ ಕಾಳು ಬಿಡಿಸಿಕೊಡುತ್ತವೆ. ಊರವರೆಲ್ಲ ಹರಡಿದರು. ನಮ್ಮ ಮನೆಯ ಮುಂದೆ ಹರಡಿದವರು ಬೇರೆ ಯಾರೂ ಅಲ್ಲ, ನಾನು ಮತ್ತು ನನ್ನವರು. ಬಾಗಿಲಲ್ಲೇ ರಸ್ತೆ ಇರುವುದು ಎಷ್ಟು ಅನುಕೂಲ ಎಂದು ನಾನೇ ಹಿಗ್ಗಿದ್ದೆ ಕೂಡ.

ಅಂದು ಮಹಾನವಮಿ, ಖಂಡೆ ಪೂಜೆ, ಅಂದರೆ ಆಯುಧಪೂಜೆ. ಅತ್ತೆ ದೇವರ ಮುಂದೆ ಕಂಬಳಿ ಹಾಸಿ ದುಡಿಯುವ ಸಾಮಾನುಗಳನ್ನೆಲ್ಲ ಸಾಲಾಗಿ ಇಟ್ಟಿದ್ದರು: ಕುಡುಗೋಲು, ಕೊಡಲಿ, ಅಟ್ಟದಿಂದ ಇಳಿಸಿದ ಕೂರಿಗೆ, ನನ್ನ ಹೊಲಿಗೆ ಯಂತ್ರದ ಕತ್ತರಿ, ಮಗನ ಕಚೇರಿಯ ಪೆನ್ನು. ಕೊನೆಯಲ್ಲಿ ಅವರ ಪಂಪು. ಎಲ್ಲಕ್ಕೂ ವಿಭೂತಿ, ಕುಂಕುಮ, ಒಂದೊಂದು ಚೆಂಡು ಹೂವು. ಪಂಪಿಗೆ ಪೂಜೆಯೇ ಎಂದು ನಾನು ನಕ್ಕೆ. ಸ್ವಾತಿ ಹುಟ್ಟಲು ಇನ್ನೂ ಎಂಟು ದಿನವಿತ್ತು. ಪೂಜೆ ಮುಗಿಸಿ ಪುನಃ ಡಬ್ಬಿಗೆ ಸೇರಬೇಕಾದ ಪಂಪು ಅದು.

ಹೋಳಿಗೆ ಊಟ ಮುಗಿಯುವ ಹೊತ್ತಿಗೆ ಬಿಸಿಲೇರಿತು, ವಾಹನಗಳು ಹೆಚ್ಚಿದವು. ಒಂದೊಂದು ಬಸ್ಸು ಹೋದಾಗಲೂ ಸಜ್ಜೆಯ ಸುಂಕು, ಮೈಗೆ ತಾಗಿದರೆ ಚುಚ್ಚುವ ಆ ನವಿರು ಧೂಳು, ಹೊಗೆಯ ಹಾಗೆ ಎದ್ದು ಪಡಸಾಲೆ ತುಂಬಿತು. ಬಾಗಿಲು ಹಾಕಿಕೊಂಡರೆ ಸೆಕೆ, ತೆರೆದರೆ ಸುಂಕು. ಅತ್ತೆ ಸೆರಗು ಮೂಗಿಗೆ ಹಿಡಿದು ಕೂತಿದ್ದವರು ಕತ್ತು ಮುಂದೆ ಚಾಚಿದರು.

"ಪಂಪ್ ಎಳೀರಿ ಅತ್ತಿ."

"ಇನ್ನೂ... ಸ್ವಾತಿ... ಹುಟ್ಟಿಲ್ಲ."

ಒಂದೊಂದು ಮಾತಿಗೂ ಒಂದೊಂದು ಉಸಿರು ಬೇಕಾಗಿತ್ತು ಅವರಿಗೆ, ಅದನ್ನೂ ಸ್ವಾತಿಯ ಮೇಲೆ ಖರ್ಚು ಮಾಡಿದರು. ಅವರ ತುಟಿ ನೀಲಿಯಾಗಿತ್ತು. ಓಡಿ ಕಂಬಳಿಯ ಮೇಲಿಂದ ಪಂಪು ಎತ್ತಿ ತಂದು ಅವರ ಬಾಯಿಗಿಟ್ಟು ಒತ್ತಿದೆ. ಅವರು ಎಳೆದರು, ಬಿಕ್ಕಿದರು, ಕೆಮ್ಮಿದರು. ನನ್ನ ಅಂಗೈಯೆಲ್ಲ ಕೆಂಪು! ಅವರ ತುಟಿ, ಗದ್ದ, ಸೆರಗು ಎಲ್ಲ ಕೆಂಪು. ರಕ್ತ ಕಾರುತ್ತಿದ್ದಾರೆ ಎಂದು ನಾನು ಕಿರುಚಿದ್ದು ಊರ ಇನ್ನೊಂದು ತುದಿಯ ತನಕ ಕೇಳಿಸಿತಂತೆ.

ನನ್ನವರು ಬಂದು ನನ್ನ ಅಂಗೈ ಹಿಡಿದು ನೋಡಿದರು. "ಕುಂಕುಮ ಐತಿ ಇದು" ಎಂದರು.

ಪೂಜೆಯಲ್ಲಿ ಅತ್ತೆ ಕುಂಕುಮ ಹಚ್ಚಿದ್ದು ಪಂಪಿನ ಬಾಯಿಗೇ. ಕುಡುಗೋಲಿಗೆ ಅಲಗಿಗೆ ಹಚ್ಚುವುದಿಲ್ಲವೇ, ಹಾಗೆ. ಕೆಲಸ ಮಾಡುವ ಜಾಗಕ್ಕೆ ತಾನೇ ಪೂಜೆ? ಅಳುತ್ತಲೇ ನಾನು ಪಂಪಿನ ಬಾಯಿ ತೊಳೆದು, ಕೊಡವಿ, ಮತ್ತೆ ಹಿಡಿದೆ. ತಿಂಗಳುಗಟ್ಟಲೆ ಬಿಟ್ಟ ಔಷಧ, ಅಷ್ಟು ಬೇಗ ಎಲ್ಲಿ ಕೇಳುತ್ತದೆ? ಹಾದು ಹೋಗುತ್ತಿದ್ದ ಟಂಟಂ ಆಟೋ ನಿಲ್ಲಿಸಿ ಅವರನ್ನು ಕೂರಿಸಿಕೊಂಡು ಕುಷ್ಟಗಿಗೆ ಹೊರಟೆವು. ದಾರಿಯುದ್ದಕ್ಕೂ ಊರೂರಿನ ಸಜ್ಜೆಯ ಮೇಲೆ ಹಾಯುತ್ತ, ಊರೂರಿನ ಸುಂಕು ಎಬ್ಬಿಸುತ್ತ ಹೋದೆವು. ನಾನು ನನ್ನ ಪತ್ತಲದ ಸೆರಗನ್ನು ನೀರಿನಲ್ಲಿ ಅದ್ದಿ ಅವರ ಮುಖಕ್ಕೆ ಮರೆ ಮಾಡಿ ಹಿಡಿದಿದ್ದೆ. ಪರರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ದಾರಿಯಿರಲಿಲ್ಲ.

ಆಸ್ಪತ್ರೆಯಲ್ಲಿ ಮುಖಕ್ಕೆ ಮುಸುಕು ಹಾಕಿ ಔಷಧದ ಹಬೆ ಕೊಟ್ಟರು. ಎರಡು ತಾಸಿನಲ್ಲಿ ಅತ್ತೆಯ ತುಟಿಗೆ ಬಣ್ಣ ಬಂತು. ವೈದ್ಯೆ ಚಿಕ್ಕ ವಯಸ್ಸಿನ ಹುಡುಗಿ, ಹಬ್ಬದ ದಿನವೂ ಡ್ಯೂಟಿ ಮೇಲಿದ್ದಳು. ಕುರ್ಚಿ ಎಳೆದುಕೊಂಡು ಕೂತು ಕೇಳಿದಳು.

"ಅಮ್ಮಾ, ಪಂಪ್ ಯಾವಾಗ ಯಾವಾಗ ತಗೋತೀರಿ?"

"ಸ್ವಾತಿ ಮಳಿಯಿಂದ ಶಿವರಾತ್ರಿ ತನಕರಿ."

ಬೈಗುಳ ಬಂತು ಎಂದು ನಾನು ತಲೆ ತಗ್ಗಿಸಿದೆ, ಒಳಗೊಳಗೆ ಬೈಯಲಿ ಎಂದೂ ಅಂದುಕೊಂಡೆ. ಆಕೆ ಬೈಯಲಿಲ್ಲ, ನಗಲೂ ಇಲ್ಲ. ರೈತರ ಮನೆಯ ಮಗಳಿರಬೇಕು.

"ಮಳಿ ಎಲ್ಲಾ ತಮ್ಮ ತಮ್ಮ ನಕ್ಷತ್ರಕ್ಕ ಬರಾಕ ಹತ್ಯಾವೇನ್ರಿ ಈಗ?"

"ಎಲ್ಲಿ ಬರ್ತಾವ್ರಿ ಯವ್ವಾ! ಹಸ್ತಿ ಒಣಾ ಹೋತು. ಚಿತ್ತಿ ಕಣಾ ಕೆಡಿಸಿತು. ಒಂದರ ಮಾತು ಖರೇ ಉಳದಿಲ್ಲ" ಎಂದ ಅತ್ತೆ ಅಷ್ಟಕ್ಕೇ ನಿಲ್ಲಿಸಿದರು. ತಮ್ಮ ಮಾತು ತಮಗೇ ಕೇಳಿಸಿದಂತಿತ್ತು. ಹದಿಮೂರು ವರ್ಷದಲ್ಲಿ ದಮ್ಮಿನ ಕಾರಣವಿಲ್ಲದೆ ಅವರು ಮಾತಿನ ನಡುವೆ ನಿಂತದ್ದು ನಾನು ಕಂಡದ್ದು ಅದೇ ಮೊದಲು. ವೈದ್ಯೆ ಮತ್ತೇನೂ ಹೇಳದೆ ಚೀಟಿ ಬರೆದುಕೊಟ್ಟು ಬೇರೆ ಮಂಚದ ಕಡೆ ಹೋದಳು.

ಮರುದಿನ ಮನೆಗೆ ಮರಳುವಾಗ ಅತ್ತೆ ಟಂಟಂನ ಅಂಚಿಗೆ ಕೂತು ನೀರು ನಿಂತ ಹೊಲಗಳನ್ನು ನೋಡುತ್ತಿದ್ದರು. ಊರು ಹತ್ತಿರವಾದಾಗ ನನ್ನ ತೊಡೆ ತಟ್ಟಿದರು.

"ಮಳಿನ ಹೇಳದ ಕೇಳದ ಬರಾಕ ಹತ್ತಿದ ಮ್ಯಾಲ, ದಮ್ಮು ಏನ್ ಪತ್ರ ಬರದು ಬರತೈತೇನು? ನಾಳಿಂದ ದಿನಾ ಕೊಡವಾ."

ನಾನು ಅಲ್ಲೇ, ಅಷ್ಟು ಜನರ ನಡುವೆ, ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. "ಅಳಾಕೇನಾಗೇತಿ, ನಾ ಸತ್ತಿಲ್ಲಲ್ಲ" ಎಂದು ಗದರಿದರು.

ಅಂದಿನಿಂದ ಪಂಪು ಬೀಜದ ಡಬ್ಬಿ ಬಿಟ್ಟು ಹಲ್ಲುಪುಡಿಯ ಪಕ್ಕಕ್ಕೆ ಬಂತು. ನಾವು ರಸ್ತೆಯ ಮೇಲೆ ತೆನೆ ಹರಡುವುದನ್ನು ಬಿಟ್ಟೆವು. ಮಾಳಿಗೆಯ ಮೇಲೆ ಹಾಕಿ, ಮೋಡ ಕಂಡರೆ ತಾಡಪತ್ರಿ ಹೊದಿಸುವುದು, ಆಮೇಲೆ ರಾಶಿ ಮಾಡುವ ಯಂತ್ರ ಕರೆಸುವುದು. ಯಂತ್ರ ಎಲ್ಲಿ ನಿಲ್ಲಬೇಕು ಎನ್ನುವುದನ್ನು ಮಾತ್ರ ಅತ್ತೆ ಹೇಳಬೇಕು. ಒಂದು ಹಿಡಿ ಹೊಟ್ಟು ಎತ್ತಿ ಮೆಲ್ಲಗೆ ಬಿಟ್ಟು, ಅದು ಹಾರಿದ ಕಡೆ ನೋಡಿ, "ಗಾಳಿ ಮೂಡಲಕ ಹೊಂಟೈತಿ, ಮಷಿನ್ ಮಾರಿ ಆ ಕಡೆ ಮಾಡು, ಊರ ಕಡೆ ಬ್ಯಾಡ" ಎಂದು ಅಪ್ಪಣೆ ಕೊಡುತ್ತಾರೆ. ಮಳೆ ಅವರ ಮಾತು ಮೀರಿದ್ದರೂ ಗಾಳಿ ಇನ್ನೂ ಮೀರಿಲ್ಲ. ಈಗ ಓಣಿಯವರೂ ಯಂತ್ರ ಹಚ್ಚುವ ಮೊದಲು ಬಂದು ಕೇಳಿಕೊಂಡು ಹೋಗುತ್ತಾರೆ. ಅತ್ತೆ ಮೊದಲು ಅವರ ಕೈಯಿಂದ ಒಂದು ಬಟ್ಟಲು ಚಹಾ ತರಿಸಿ ಕುಡಿದು ಆಮೇಲೆ ಹೇಳುತ್ತಾರೆ, ವಿದ್ಯೆಗೆ ಬೆಲೆ ಇರಲಿ ಎಂದು. ಒಲೆ ಹೋಗಿ ಗ್ಯಾಸ್ ಬಂದಿದೆ. ರೊಟ್ಟಿಗೆ ಕಟ್ಟಿಗೆಯ ರುಚಿ ಇಲ್ಲ ಎಂದು ದಿನಾ ಒಂದು ಸಲ ಗೊಣಗಿ, ಒಂದು ಹೆಚ್ಚು ತಿನ್ನುತ್ತಾರೆ. ದಿನಗಳು ಹೀಗೆ ಛಲೋ ಹೋದವು.

ನಾನು ಲೆಕ್ಕಕ್ಕೇ ಹಿಡಿಯದೆ ಇದ್ದದ್ದು ನನ್ನ ಎದೆಯನ್ನು. ತವರಿನ ಅಕ್ಕಿ ಗಿರಣಿಯ ಬೂಸಾ, ಹುಲ್ಲು ಸುಟ್ಟ ಹೊಗೆ ಕುಡಿದು ಬೆಳೆದ ಎದೆ, ಆಮೇಲೆ ಇಷ್ಟು ವರ್ಷದ ಸುಣ್ಣದ ಬಳಪ, ಈಗ ಬೆಂಕಿಯಂಥ ಬೇಸಿಗೆಗಳು. ಹೋದ ವರ್ಷ ಶಾಲೆಯಲ್ಲಿ ಪದ್ಯ ಹೇಳುವಾಗ ಸಾಲಿನ ನಡುವೆ ಉಸಿರು ನಿಲ್ಲತೊಡಗಿತು. ಕೊಪ್ಪಳಕ್ಕೆ ಒಬ್ಬಳೇ ಹೋಗಿ ತೋರಿಸಿದೆ. ಪಂಪು ಕೊಟ್ಟರು. ಅದನ್ನು ಬ್ಯಾಗಿನ ತಳದಲ್ಲಿ, ಛತ್ರಿಯ ಕೆಳಗೆ ಬಚ್ಚಿಟ್ಟೆ. ಯಾಕೆ ಎಂದರೆ ನಾಚಿಕೆ. ಊರಿಗೆಲ್ಲ ಪಂಪಿನ ಪಾಠ ಹೇಳಿದವಳು ನಾನು.

ಹೋದ ಮಹಾನವಮಿಗೆ ಅತ್ತೆ ಎಂದಿನಂತೆ ಕಂಬಳಿ ಹಾಸಿಸಿದರು. ಈಗ ಅವರಿಗೆ ಬಗ್ಗಲಾಗದು, ಕುರ್ಚಿಯಲ್ಲಿ ಕೂತು ಹೇಳುತ್ತಾರೆ, ನಾನು ಇಡುತ್ತೇನೆ. ಕುಡುಗೋಲು, ಕತ್ತರಿ, ಪೆನ್ನು, ನನ್ನ ಸ್ಕೂಟಿಯ ಕೀಲಿ, ಅವರ ಪಂಪು.

"ನಿಂದೂ ತಾ" ಎಂದರು.

"ನಂದು ಏನ್ರಿ?"

"ಬ್ಯಾಗಿನ್ಯಾಗ ಛತ್ರಿ ಕೆಳಗ ಮುಚ್ಚಿಟ್ಟೀಯಲ್ಲ, ಅದು."

"ಯಾರು ಹೇಳಿದ್ರಿ ನಿಮಗ?"

"ಯಾರು ಹೇಳಬೇಕವಾ? ಇಷ್ಟು ವರ್ಷ ದಮ್ಮಿನ ಜೋಡಿ ಸಂಸಾರ ಮಾಡೇನಿ. ಗ್ವಾಡಿ ಆಚೆ ಕಡೆಯಿಂದ ದನಿ ಕೇಳಿದ್ರ ಗುರ್ತು ಸಿಗಂಗಿಲ್ಲೇನು? ಬ್ಯಾಗ್ ತಡವಿ ನೋಡಿನಿ, ಸಿಕ್ಕಿತು." ನನ್ನ ಮುಖ ನೋಡಿ ಕೇಳಿದರು, "ದಿನಾ ಎಳೀತೀಯೋ, ಕೆಮ್ಮು ಬಂದಾಗ ಅಷ್ಟನೋ?"

ಕೆಮ್ಮು ಬಂದಾಗ ಅಷ್ಟೇ ಎಳೆಯುತ್ತಿದ್ದೆ. ಅದೂ ಎರಡು ತಿಂಗಳಿಂದ ಆರಾಮಿದ್ದೆನಲ್ಲ, ಮುಟ್ಟಿಯೂ ಇರಲಿಲ್ಲ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

ಅತ್ತೆ ಬೈಯಲಿಲ್ಲ. ಆ ವೈದ್ಯೆಯ ಹಾಗೆಯೇ, ನಗಲೂ ಇಲ್ಲ. ನಾನು ಹೋಗಿ ನನ್ನ ಪಂಪು ತಂದು ಅವರ ಪಂಪಿನ ಪಕ್ಕದಲ್ಲಿಟ್ಟೆ. "ಕುಂಕುಮ ತಳಕ್ಕ ಹಚ್ಚು, ಬಾಯಿಗಲ್ಲ" ಎಂದು ನೆನಪಿಸಿದರು. ಹಚ್ಚಿದೆ. ಆರತಿ ಮುಗಿದ ಮೇಲೆ ನನ್ನ ಪಂಪನ್ನು ಕೈಗೆ ತರಿಸಿಕೊಂಡು, ಸೆರಗಿನಲ್ಲಿ ಅದರ ಬಾಯಿ ಒರೆಸಿ, ನನ್ನ ಕೈಗೆ ಕೊಟ್ಟರು. ಮುಕ್ಕಳಿಸಲು ಒಂದು ಲೋಟ ನೀರು ಹಿಡಿದು ಮುಂದೆ ಕೂತರು.

"ಉಸರು ಬಿಡು. ಹಾಂ, ಒತ್ತು. ಸಾವಕಾಶ ಎಳಿ... ಗುಟುಕರಿಸಬ್ಯಾಡ. ಹಿಡಿ. ಒಂದು, ಎರಡು, ಮೂರು..."

ಹತ್ತರ ತನಕ ಅವರೇ ಎಣಿಸಿದರು, ಒಂದೂ ತಪ್ಪಲಿಲ್ಲ, ನಡುವೆ ಎಲ್ಲಿಯೂ ಉಸಿರಿಗೆ ನಿಲ್ಲಲಿಲ್ಲ. ನಾನು ಉಸಿರು ಬಿಟ್ಟೆ. ಬಿಟ್ಟ ಮೇಲೆ ನನ್ನ ಅಂಗೈ ತಾನಾಗಿಯೇ ಮೇಲೆದ್ದು ತಲೆಗೆ ಸವರಿಕೊಂಡಿತು.